ಕಣ್ಣುರೆಪ್ಪೆಯ ಗುಳ್ಳೆ ಹೋಗುತ್ತಲೇ ಇಲ್ಲವೇ? ಒಮ್ಮೆ ರೋಗನಿರೋಧಕ ಶಕ್ತಿಯ ಕಡೆಗೂ ನೋಡಿ

ಕಣ್ಣುರೆಪ್ಪೆಯ ಮೇಲೆ ಏನೋ ಎದ್ದರೆ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ನಾಲ್ಕು ದಿನ ಬಿಟ್ಟರೆ ಹೋಗುತ್ತದೆ ಎಂದು ಸುಮ್ಮನಿರುತ್ತೇವೆ. ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚುತ್ತೇವೆ. ಬಹಳಷ್ಟು ಸಲ ಅದು ಹೋಗಿಯೂ ಹೋಗುತ್ತದೆ. ಈ ಲೇಖನ ಹಾಗೆ ಹೋಗದೇ ಉಳಿಯುವವುಗಳ ಬಗ್ಗೆ. ತಿಂಗಳುಗಟ್ಟಲೆ ಉಳಿಯುವ, ಒಂದಿದ್ದದ್ದು ಇಪ್ಪತ್ತಾಗುವ, ವಯಸ್ಸಿಗೆ ಹೊಂದದ, ಬಣ್ಣ ತಪ್ಪಿದ ಸೋಂಕುಗಳ ಬಗ್ಗೆ. ಇಂಥವು ಕೆಲವೊಮ್ಮೆ ಕಣ್ಣಿನ ಸಮಸ್ಯೆಯೇ ಅಲ್ಲ. ಮೈಯೊಳಗಿನ ಕಾವಲು ಸಡಿಲವಾಗಿದೆ ಎಂಬುದರ ಮೊದಲ ಸುಳಿವು ಅಲ್ಲಿ ಕಾಣಿಸಿಕೊಂಡಿರುತ್ತದೆ.

ರೆಪ್ಪೆಯ ಚರ್ಮ ನಮ್ಮ ದೇಹದಲ್ಲೇ ಅತಿ ತೆಳುವಾದದ್ದು, ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಅದರಡಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಇರುವುದು ಸಡಿಲವಾದ ಅಂಗಾಂಶ. ಹಾಗಾಗಿ ಸ್ವಲ್ಪ ಸೋಂಕಾದರೂ ಬೇಗ ಊದಿಕೊಳ್ಳುತ್ತದೆ, ಬೇಗ ಕಣ್ಣಿಗೆ ಬೀಳುತ್ತದೆ. ಬೆನ್ನ ಮೇಲೆ ಎದ್ದ ಗುಳ್ಳೆಯನ್ನು ತಿಂಗಳಾದರೂ ನೋಡದವರು ರೆಪ್ಪೆಯ ಗುಳ್ಳೆಯನ್ನು ಮರುದಿನವೇ ನೋಡುತ್ತಾರೆ, ಅಲ್ವಾ? ಆ ಅವಕಾಶವನ್ನು ಬಿಡಬಾರದು ಎನ್ನುವುದೇ ನನ್ನ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ರೆಪ್ಪೆ ನೋಡಿ ಯಾರಿಗೂ ಇಂಥದ್ದೇ ಕಾಯಿಲೆ ಎಂದು ಹೇಳಲಾಗದು. ಇದನ್ನು ಓದಿ ರಾತ್ರಿಯಿಡೀ ಹೆದರಿ ಕೂರಬೇಡಿ. ಓದಿ, ನೋಡಿಕೊಳ್ಳಿ, ಅನುಮಾನ ಬಂದರೆ ಪರೀಕ್ಷೆ ಮಾಡಿಸಿ.

ಹೆಜ್ಜೆ 1: ಇವತ್ತೇ ಆಸ್ಪತ್ರೆಗೆ ಹೋಗಬೇಕಾದ್ದೇ ಎಂದು ನೋಡಿ

ಕೆಳಗಿನವುಗಳಲ್ಲಿ ಒಂದಿದ್ದರೂ ಮುಂದೆ ಓದುತ್ತಾ ಕೂರಬೇಡಿ. ಎಮರ್ಜೆನ್ಸಿಗೆ ಹೋಗಿ.

- ದೃಷ್ಟಿ ಮಂಜಾಗಿದೆ, ಎರಡೆರಡಾಗಿ ಕಾಣುತ್ತಿದೆ
- ಕಣ್ಣುಗುಡ್ಡೆ ಮುಂದಕ್ಕೆ ಬಂದಂತಿದೆ, ಅಥವಾ ಅತ್ತಿತ್ತ ಹೊರಳಿಸಿದರೆ ನೋಯುತ್ತದೆ
- ರೆಪ್ಪೆ ಊದಿಕೊಂಡಿದೆ, ಜೊತೆಗೆ ಜ್ವರ, ತಲೆನೋವು, ವಾಂತಿ ಅಥವಾ ಮಂಕು ಕವಿದಿದೆ
- ಚರ್ಮ ನೇರಳೆಗೆ ಅಥವಾ ಕಪ್ಪಿಗೆ ತಿರುಗುತ್ತಿದೆ
- ಕಾಣುವ ಗಾಯ ಚಿಕ್ಕದು, ಆದರೆ ನೋವು ತಡೆಯಲಾಗದಷ್ಟು
- ಹಣೆ, ರೆಪ್ಪೆ, ಮೂಗಿನ ತುದಿಯವರೆಗೆ ಒಂದೇ ಬದಿಯಲ್ಲಿ ನೀರ್ಗುಳ್ಳೆಗಳು ಎದ್ದಿವೆ

ಕೀಮೋಥೆರಪಿ ಪಡೆಯುತ್ತಿರುವವರು, ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರು, ಶುಗರ್ ಹತೋಟಿಯಲ್ಲಿ ಇಲ್ಲದವರು ಇನ್ನೂ ಬೇಗ ಹೋಗಬೇಕು. ಇವರಿಗೆ ಜ್ವರ, ಕೀವು ಯಾವುದೂ ಕಾಣಿಸದೆಯೇ ಸೋಂಕು ಒಳಗೆ ಇಳಿದುಬಿಡಬಹುದು. ಕೀವು ಆಗಬೇಕಾದರೆ ಬಿಳಿ ರಕ್ತಕಣಗಳು ಬೇಕು. ಅವೇ ಕಡಿಮೆ ಇದ್ದಾಗ ಕೀವು ಎಲ್ಲಿಂದ ಬರಬೇಕು?

ಹೆಜ್ಜೆ 2: ಸಾಮಾನ್ಯವಾದದ್ದನ್ನು ಗುರುತಿಸಿ ಬದಿಗಿಡಿ

ರೆಪ್ಪೆಯ ಅಂಚಿನಲ್ಲಿ ಕೆಂಪಗೆ, ಮುಟ್ಟಿದರೆ ನೋಯುವ, ತುದಿಯಲ್ಲಿ ಹಳದಿ ಕೀವು ಕಾಣುವ ಕುರುವಿಗೆ ಡಾಕ್ಟರುಗಳು ಸ್ಟೈ ಎನ್ನುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಸ್ವಚ್ಛ ಬಟ್ಟೆಯನ್ನು 5ರಿಂದ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಟ್ಟರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ರೆಪ್ಪೆಯ ಒಳಗೆ ಗಟ್ಟಿಯಾಗಿ, ನೋವಿಲ್ಲದೆ ಕೂರುವ ಗಂಟು ಶಲೇಜಿಯನ್. ಅದು ಸೋಂಕಲ್ಲ, ಎಣ್ಣೆಗ್ರಂಥಿ ಕಟ್ಟಿಕೊಂಡು ಆಗುವುದು. ಕರಗಲು ವಾರಗಳು, ಕೆಲವೊಮ್ಮೆ ತಿಂಗಳೂ ಹಿಡಿಯುತ್ತದೆ. ರೆಪ್ಪೆಗೂದಲ ಬುಡದಲ್ಲಿ ಹೊಟ್ಟು, ಬೆಳಗ್ಗೆ ಎದ್ದಾಗ ಅಂಟು ಇದ್ದರೆ ಬ್ಲೆಫರೈಟಿಸ್. ಎರಡೂ ರೆಪ್ಪೆ ಕೆಂಪಾಗಿ ತುಂಬಾ ನವೆ ಇದ್ದರೆ ಅಲರ್ಜಿ ಇರಬಹುದು. ಅದಕ್ಕೆ ಹೊಸ ಕಾಡಿಗೆ, ಕ್ರೀಮ್ ಮಾತ್ರ ಕಾರಣವಲ್ಲ. ಉಗುರುಬಣ್ಣ ಹಚ್ಚಿದ ಬೆರಳಿನಿಂದ ಕಣ್ಣು ಮುಟ್ಟಿಕೊಂಡೂ ರೆಪ್ಪೆಯಲ್ಲಿ ಅಲರ್ಜಿ ಆಗುತ್ತದೆ.

ಇವೆಲ್ಲ ಆರೋಗ್ಯವಂತರಿಗೂ ಬರುತ್ತವೆ. ಆದರೆ ಕುರು ಮತ್ತೆ ಮತ್ತೆ ಏಳುತ್ತಲೇ ಇದ್ದರೆ ಶುಗರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇಲ್ಲೇ ಇನ್ನೊಂದು ಎಚ್ಚರಿಕೆ. ವಯಸ್ಸಾದವರಿಗೆ ಗಂಟು ಪ್ರತಿ ಸಲವೂ ಅದೇ ಜಾಗದಲ್ಲಿ ಮರಳುತ್ತಿದ್ದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಅದನ್ನು ಮತ್ತೊಂದು ಶಲೇಜಿಯನ್ ಎಂದು ಬಿಡಬೇಡಿ. ಎಣ್ಣೆಗ್ರಂಥಿಯ ಕ್ಯಾನ್ಸರ್ ಇದೇ ವೇಷದಲ್ಲಿ ಬರುತ್ತದೆ. ತುಣುಕು ತೆಗೆದು ಬಯಾಪ್ಸಿ ಮಾಡಿಸಲೇಬೇಕು.

ಹೆಜ್ಜೆ 3: ವಾಡಿಕೆ ತಪ್ಪಿದ್ದನ್ನು ಹುಡುಕಿ

ಒಳ್ಳೆಯ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ಕೆಲವು ವಿಷಯ ಗಮನಿಸಿ. ಎಷ್ಟಿವೆ? ಎಷ್ಟು ದೊಡ್ಡವು? ಒಂದೇ ಕಣ್ಣಿಗೋ, ಎರಡಕ್ಕೂ ಇದೆಯೋ? ಎಷ್ಟು ದಿನದಿಂದ? ನಿಮ್ಮ ವಯಸ್ಸಿಗೆ ಇದು ಸಹಜವೋ? ಈ ಕೊನೆಯ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದೇ ಇಲ್ಲ. ನನ್ನ ಪ್ರಕಾರ ಅದೇ ಮುಖ್ಯವಾದದ್ದು. ಏಕೆ ಎನ್ನುವುದಕ್ಕೆ ಮೊಲಸ್ಕಮ್ ಒಳ್ಳೆಯ ಉದಾಹರಣೆ.

ಮೊಲಸ್ಕಮ್ ಕಂಟೇಜಿಯೋಸಮ್. ಇದು ಪಾಕ್ಸ್ ಜಾತಿಯ ವೈರಸ್‌ನಿಂದ ಬರುವ ಗುಳ್ಳೆ. ನುಣುಪಾಗಿ, ಗುಂಡಗೆ, ಚರ್ಮದ ಬಣ್ಣದಲ್ಲೋ ತುಸು ಬೆಳ್ಳಗೋ ಇರುತ್ತದೆ. ನಡುವೆ ಹೊಕ್ಕುಳಿನಂಥ ಚಿಕ್ಕ ಕುಳಿ. ಅದೇ ಇದರ ಗುರುತು. ನೋವಿರುವುದಿಲ್ಲ. ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಗಾತ್ರ.

ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಮಗುವಿನ ರೆಪ್ಪೆಯ ಮೇಲೆ ಎರಡು ಮೂರು ಇದ್ದರೆ ಇಮ್ಯೂನಿಟಿ ಬಗ್ಗೆ ಚಿಂತೆ ಬೇಡ. ಹೆಚ್ಚಾಗಿ 6ರಿಂದ 12 ತಿಂಗಳಲ್ಲಿ ತಾನಾಗಿ ಮಾಯವಾಗುತ್ತವೆ, ಕೆಲವರಿಗೆ ಇನ್ನೂ ಜಾಸ್ತಿ ಸಮಯ ಬೇಕಾಗುತ್ತದೆ. ರೆಪ್ಪೆಯ ಅಂಚಿನಲ್ಲೇ ಇದ್ದರೆ ಮಾತ್ರ ವೈರಸ್ ಕಣ್ಣಿನೊಳಗೆ ಉದುರುತ್ತಾ ಕಣ್ಣು ಕೆಂಪಗೆ ಇರುತ್ತದೆ. ಎಷ್ಟು ಡ್ರಾಪ್ಸ್ ಹಾಕಿದರೂ ವಾಸಿಯಾಗದ ಕೆಂಗಣ್ಣಿಗೆ ಕೆಲವೊಮ್ಮೆ ರೆಪ್ಪೆಗೂದಲ ನಡುವೆ ಅಡಗಿದ ಇಂಥ ಒಂದೇ ಒಂದು ಗುಳ್ಳೆ ಕಾರಣವಾಗಿರುತ್ತದೆ. ಅದನ್ನು ತೆಗೆಸಿದರೆ ಕಣ್ಣೂ ಸರಿಯಾಗುತ್ತದೆ.

ಇದೇ ಗುಳ್ಳೆ ದೊಡ್ಡವರ ಮುಖದ ಮೇಲೆ, ಎರಡೂ ರೆಪ್ಪೆಗಳಲ್ಲಿ, ಹತ್ತಾರು ಸಂಖ್ಯೆಯಲ್ಲಿ ಎದ್ದರೆ ಲೆಕ್ಕವೇ ಬೇರೆ. ಒಂದೊಂದು ಗುಳ್ಳೆ ಒಂದು ಸೆಂಟಿಮೀಟರ್ ದಾಟಿದ್ದರಂತೂ ಇನ್ನೂ ಗಂಭೀರ. ಎಚ್‌ಐವಿ ಸೋಂಕು ಮುಂದುವರಿದು ಸಿಡಿ4 ಕಣಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) 200ಕ್ಕಿಂತ ಕೆಳಗಿಳಿದವರಲ್ಲಿ ಈ ರೂಪ ಕಾಣುತ್ತದೆ. ಆರೋಗ್ಯವಂತರಲ್ಲಿ ಈ ಕಣಗಳು ಸುಮಾರು 500ರಿಂದ 1500 ಇರುತ್ತವೆ. ಗೊತ್ತಿಲ್ಲದೆಯೇ ಎಚ್‌ಐವಿ ಇರುವವರಲ್ಲಿ ರೆಪ್ಪೆಯ ಈ ಗುಳ್ಳೆಗಳೇ ಮೊದಲ ಲಕ್ಷಣವಾದದ್ದೂ ಇದೆ. ಕಸಿಯ ನಂತರದ ಮಾತ್ರೆ, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್, ಹುಟ್ಟಿನಿಂದ ಬಂದ ಇಮ್ಯೂನಿಟಿ ಕೊರತೆ ಇವುಗಳಲ್ಲೂ ಹೀಗಾಗುತ್ತದೆ. ಡಾಕ್8 ಎಂಬ ಜೀನ್‌ನ ದೋಷವಿರುವ ಮಕ್ಕಳಿಗೆ ಮೊಲಸ್ಕಮ್, ಹರ್ಪಿಸ್, ನರಹುಲಿ ಮೂರೂ ಮೈತುಂಬ ಎದ್ದು ಹೋಗದೇ ಉಳಿಯುತ್ತವೆ. ಹಾಗಾಗಿ ಮಕ್ಕಳದ್ದಾದರೂ ನೂರಾರು ಗುಳ್ಳೆ, ಜೊತೆಗೆ ಪದೇಪದೇ ನ್ಯುಮೋನಿಯಾ, ಕಿವಿ ಸೋರುವುದು ಇದ್ದರೆ ಸುಮ್ಮನಿರಬಾರದು.

ಇನ್ನೊಂದು ಕಷ್ಟವಿದೆ. ಕ್ರಿಪ್ಟೊಕಾಕಸ್, ಹಿಸ್ಟೊಪ್ಲಾಸ್ಮಾ, ತಲರೊಮೈಸಿಸ್ ಎಂಬ ಶಿಲೀಂಧ್ರಗಳು ರಕ್ತದ ಮೂಲಕ ಹರಡಿದಾಗಲೂ ಮುಖದಲ್ಲಿ ನಡುವೆ ಕುಳಿಯಿರುವ ಇಂಥದ್ದೇ ಗುಳ್ಳೆಗಳು ಏಳುತ್ತವೆ. ಇವು ಪ್ರಾಣಕ್ಕೇ ಕುತ್ತು ತರುವಂಥವು. ಮೊಲಸ್ಕಮ್‌ಗೆ ಜ್ವರ ಬರುವುದಿಲ್ಲ, ತಲೆನೋವೂ ಇಲ್ಲ. ಕುಳಿಬಿದ್ದ ಗುಳ್ಳೆಗಳ ಜೊತೆ ಜ್ವರ, ಬಿಡದ ತಲೆನೋವು, ಕೆಮ್ಮು, ತೂಕ ಇಳಿಯುವುದು ಇದ್ದರೆ ಕೂಡಲೇ ತೋರಿಸಿ, ಬಯಾಪ್ಸಿ ಬಗ್ಗೆ ಕೇಳಿ.

ಕಣ್ಣಿನ ಸರ್ಪಸುತ್ತು. ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಸ್ ನರಗಳಲ್ಲಿ ಮಲಗಿರುತ್ತದೆ. ರೋಗನಿರೋಧಕ ಶಕ್ತಿ ತಗ್ಗಿದಾಗ ಏಳುತ್ತದೆ. ಸರ್ಪಸುತ್ತಿನ ನೂರು ಪ್ರಕರಣಗಳಲ್ಲಿ ಸುಮಾರು 10ರಿಂದ 20 ಕಣ್ಣಿನ ಭಾಗದ ನರಕ್ಕೇ ಬರುತ್ತವೆ. ಮೊದಲು ಹಣೆಯ ಒಂದು ಬದಿಯಲ್ಲಿ ಉರಿ, ಚುಚ್ಚಿದಂತೆ ನೋವು. ಒಂದೆರಡು ದಿನದಲ್ಲಿ ಹಣೆ, ಮೇಲಿನ ರೆಪ್ಪೆಯ ಮೇಲೆ ನೀರ್ಗುಳ್ಳೆಗಳ ಗುಂಪು. ಮುಖದ ನಡುಗೆರೆಯನ್ನು ಅದು ದಾಟುವುದಿಲ್ಲ. ಅಲರ್ಜಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಮೂಗಿನ ತುದಿಯನ್ನು ತಪ್ಪದೆ ನೋಡಿ. ಅಲ್ಲಿ ಗುಳ್ಳೆ ಇದ್ದರೆ ಕಣ್ಣಿನ ಒಳಭಾಗಕ್ಕೂ ತೊಂದರೆಯಾಗುವ ಸಾಧ್ಯತೆ ಜಾಸ್ತಿ, ಏಕೆಂದರೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವುದು ಒಂದೇ ನರದ ಕವಲುಗಳು. 19ನೇ ಶತಮಾನದ ಇಂಗ್ಲೆಂಡಿನ ವೈದ್ಯ ಜೊನಾಥನ್ ಹಚಿನ್ಸನ್ ಅವರ ಹೆಸರಿನಲ್ಲಿ ಈ ಗುರುತನ್ನು ಇಂದಿಗೂ ಕರೆಯುತ್ತಾರೆ. ಮೂಗಿನ ಮೇಲೆ ಇಲ್ಲ ಎಂದ ಮಾತ್ರಕ್ಕೆ ಕಣ್ಣು ಕ್ಷೇಮ ಎಂದೂ ಅಲ್ಲ, ತೋರಿಸಲೇಬೇಕು. ಅಸೈಕ್ಲೊವಿರ್ ಅಥವಾ ಆ ಬಗೆಯ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಹಾಗೆಂದು ಸಮಯ ಮೀರಿತು ಎಂದು ಮನೆಯಲ್ಲೇ ಉಳಿಯಬೇಡಿ. ಕಣ್ಣಿನ ಸರ್ಪಸುತ್ತಿಗೆ ತಡವಾಗಿಯೂ ಔಷಧಿ ಕೊಡುತ್ತಾರೆ.

ವಯಸ್ಸಾದವರಿಗೆ ಸರ್ಪಸುತ್ತು ಬಂದರೆ ವಯಸ್ಸೇ ಕಾರಣವಾಗಿರಬಹುದು. ಐವತ್ತರೊಳಗಿನವರಿಗೆ ಕಣ್ಣಿಗೆ ಬಂದರೆ, ಎರಡನೇ ಸಲ ಬಂದರೆ, ಅಥವಾ ಮೈಯ ಬೇರೆ ಬೇರೆ ಕಡೆ ಹರಡಿದರೆ, ಎಚ್‌ಐವಿ ಮತ್ತು ಶುಗರ್ ಪರೀಕ್ಷೆ ಮಾಡಿಸಲು ಅಷ್ಟೇ ಕಾರಣ ಸಾಕು.

ಕಪ್ಪಾಗುವ ಚರ್ಮ. ಬ್ಲ್ಯಾಕ್ ಫಂಗಸ್ ಎಂಬ ಹೆಸರು 2021ರಲ್ಲಿ ಎಲ್ಲರ ಬಾಯಲ್ಲೂ ಇತ್ತು. ಕೋವಿಡ್ ಬಂದವರಲ್ಲಿ ಶುಗರ್ ಏರಿದ್ದು, ಸ್ಟೀರಾಯ್ಡ್ ಬಳಸಿದ್ದು ಎರಡೂ ಸೇರಿ ಮ್ಯೂಕರ್ ಶಿಲೀಂಧ್ರಕ್ಕೆ ದಾರಿಯಾಯಿತು. ಕೋವಿಡ್ ಇಲ್ಲದೆಯೂ ಇದು ಬರುತ್ತದೆ. ಕೆನ್ನೆ ಮರಗಟ್ಟುವುದು, ಮೂಗು ಕಟ್ಟಿ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ, ಹಲ್ಲು ಸಡಿಲವಾಗುವುದು, ರೆಪ್ಪೆ ಜೋತು ಬೀಳುವುದು ಇದರ ಲಕ್ಷಣಗಳು. ಚರ್ಮ ಕಪ್ಪಾಗುವುದು ತಡವಾಗಿ. ಅಲ್ಲಿಯವರೆಗೆ ಕಾಯಬಾರದು.

ಬಿಳಿ ರಕ್ತಕಣ ತೀರಾ ಇಳಿದವರಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾವೂ ರೆಪ್ಪೆಯ ಮೇಲೆ ಕೆಂಪು ಅಂಚಿನ ಕಪ್ಪು ಹುಣ್ಣು ಮಾಡುತ್ತದೆ. ಸ್ಟ್ರೆಪ್ಟೊಕಾಕಸ್‌ನಿಂದ ಚರ್ಮದ ಅಡಿಯ ಪದರ ಕೊಳೆಯುವ ಸೋಂಕು ಇನ್ನೂ ವೇಗವಾದದ್ದು, ಗಂಟೆಗಳಲ್ಲಿ ಬೆಳೆಯುತ್ತದೆ. ಯಾವ ರೋಗಾಣು ಎಂದು ಕಂಡುಹಿಡಿಯುವುದು ನಿಮ್ಮ ಕೆಲಸವಲ್ಲ. ಕಪ್ಪು ಕಂಡರೆ ಓಡಿ, ಅಷ್ಟೇ.

ಉಳಿದವು. ರೆಪ್ಪೆಯಿಂದ ಕೆನ್ನೆಗೆ ಹರಡುವ, ಅಂಚು ಕೆಂಪಗೆ ಹೊಟ್ಟು ಏಳುವ ಮಚ್ಚೆ ಹುಳುಕಡ್ಡಿ ಇರಬಹುದು. ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಉಂಗುರದ ಆಕಾರವೇ ಅಳಿಸಿಹೋಗಿ ಡಾಕ್ಟರಿಗೂ ಗುರುತು ಸಿಗದಂತಾಗುತ್ತದೆ. ನೋವಿಲ್ಲದ ನೇರಳೆ ಅಥವಾ ಕಡುಗೆಂಪು ಗಂಟು ಕಪೋಸಿ ಸಾರ್ಕೋಮಾ ಇರಬಹುದು. ಇದು ಹರ್ಪಿಸ್ ಜಾತಿಯ ಎಂಟನೇ ವೈರಸ್‌ನಿಂದ ಆಗುವ ಗೆಡ್ಡೆ. 1981ರಲ್ಲಿ ಯುವಕರಲ್ಲಿ ಈ ಗೆಡ್ಡೆ ಕಾಣತೊಡಗಿದ್ದೇ ಏಡ್ಸ್ ಪತ್ತೆಯಾಗಲು ಒಂದು ಕಾರಣವಾಯಿತು. ರೆಪ್ಪೆಯ ಮೇಲೆ ನರಹುಲಿ ಒಂದೆರಡು ಇದ್ದರೆ ಸಹಜ, ಗುಂಪಾಗಿ ಹಬ್ಬಿದರೆ ತೋರಿಸಬೇಕು. ರೆಪ್ಪೆಗೂದಲಲ್ಲಿ ಹೇನು ಕಂಡರೆ ಅದಕ್ಕೂ ಇಮ್ಯೂನಿಟಿಗೂ ಸಂಬಂಧವಿಲ್ಲ. ಅದು ಹತ್ತಿರದ ಸಂಪರ್ಕದಿಂದ ಬರುವಂಥದ್ದು.

ಹೆಜ್ಜೆ 4: ಕಣ್ಣು ಬಿಟ್ಟು ಉಳಿದ ಮೈಯನ್ನೂ ನೋಡಿಕೊಳ್ಳಿ

ಒಂದು ಕಾಗದ ತೆಗೆದುಕೊಂಡು ಬರೆಯಿರಿ. ಕಳೆದ ಆರು ತಿಂಗಳಲ್ಲಿ ಕಾರಣವಿಲ್ಲದೆ ತೂಕ ಇಳಿದಿದೆಯೇ? ರಾತ್ರಿ ಬೆವರು, ಬಿಟ್ಟು ಬಿಟ್ಟು ಜ್ವರ? ನಾಲಿಗೆ ಅಥವಾ ಬಾಯೊಳಗೆ ಒರೆಸಿದರೆ ಬರುವ ಬಿಳಿ ಪದರ? ತಿಂಗಳಾದರೂ ನಿಲ್ಲದ ಭೇದಿ? ಕುತ್ತಿಗೆ, ಕಂಕುಳಲ್ಲಿ ಗಂಟು? ಬಾಯಾರಿಕೆ, ಪದೇಪದೇ ಮೂತ್ರ? ಗಾಯ ಒಣಗಲು ತಡ?

ಆಮೇಲೆ ಔಷಧಿಗಳು. ಸಂಧಿವಾತ, ಸೋರಿಯಾಸಿಸ್, ಕರುಳಿನ ಉರಿಯೂತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಅಜಾಥಯೋಪ್ರಿನ್, ಅಡಾಲಿಮುಮಾಬ್‌ನಂಥ ಇಂಜೆಕ್ಷನ್, ಕಸಿಯಾದವರ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್ ಇವೆಲ್ಲ ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವಂಥವು. ಟೊಫಾಸಿಟಿನಿಬ್ ಬಗೆಯ ಮಾತ್ರೆಗಳಿಂದ ಸರ್ಪಸುತ್ತು ಜಾಸ್ತಿ. ಪ್ರೆಡ್ನಿಸೊಲೋನ್ ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು, ಎರಡು ವಾರಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ಬರೆಯಿರಿ. ಹೆಸರಿಲ್ಲದ ಪುಡಿ, ನೋವಿನ ಮಾತ್ರೆ, ಯಾರೋ ಕೊಟ್ಟ ಕ್ರೀಮ್ ಇವನ್ನೂ ಬಿಡಬೇಡಿ. ಸ್ಟೀರಾಯ್ಡ್ ಎಷ್ಟೋ ಸಲ ಅವುಗಳಲ್ಲೇ ಅಡಗಿರುತ್ತದೆ.

ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸ್ಟೀರಾಯ್ಡನ್ನು ಏಕಾಏಕಿ ಬಿಟ್ಟರೆ ದೇಹ ಕುಸಿಯುತ್ತದೆ. ಕಸಿಯ ಮಾತ್ರೆ ಬಿಟ್ಟರೆ ಕಸಿ ಮಾಡಿದ ಅಂಗವೇ ಹೋಗಬಹುದು.

ಹೆಜ್ಜೆ 5: ಡಾಕ್ಟರ್ ನೋಡುವವರೆಗೆ ಹೀಗಿರಿ

ಹಿಸುಕಬೇಡಿ, ಚುಚ್ಚಬೇಡಿ. ರೆಪ್ಪೆ ಮತ್ತು ಮೂಗಿನ ಸುತ್ತಲ ರಕ್ತನಾಳಗಳು ಮೆದುಳಿನ ಬುಡದವರೆಗೆ ಹೋಗುತ್ತವೆ, ಸೋಂಕೂ ಅದೇ ದಾರಿ ಹಿಡಿಯಬಹುದು. ಮೊಲಸ್ಕಮ್ ಕೆರೆದರೆ ಪಕ್ಕಕ್ಕೆ ಹರಡುತ್ತದೆ. ಟವೆಲ್, ದಿಂಬಿನ ಕವರ್ ಬೇರೆ ಇರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಡಿ. ಕಾಡಿಗೆ, ಮಸ್ಕರಾ ನಿಲ್ಲಿಸಿ, ತೆರೆದದ್ದನ್ನು ಎಸೆಯಿರಿ. ನರಹುಲಿ ಸುಡುವ ಆಸಿಡ್ ದ್ರವಗಳು ಕಣ್ಣಿನ ಹತ್ತಿರ ಬೇಡವೇ ಬೇಡ. ಸರ್ಪಸುತ್ತಿನ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಎಳೆ ಮಕ್ಕಳು ಮತ್ತು ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರಿಂದ ದೂರವಿರಿ.

ಎಲ್ಲಕ್ಕಿಂತ ಮುಖ್ಯವಾಗಿ, ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಬೇಡಿ. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದು ಟ್ಯೂಬಿನ ಮೇಲೆ ಇದ್ದರೆ ಅದು ಸ್ಟೀರಾಯ್ಡ್. ಎರಡು ದಿನ ಕೆಂಪು ಇಳಿದು ವಾಸಿಯಾದಂತೆ ಕಾಣುತ್ತದೆ, ಒಳಗೆ ಸೋಂಕು ಬೆಳೆಯುತ್ತದೆ. ತೆಳು ರೆಪ್ಪೆಯ ಮೂಲಕ ಔಷಧಿ ಕಣ್ಣಿಗೂ ಇಳಿದು ಕಣ್ಣಿನ ಒತ್ತಡ ಏರಬಹುದು, ಪೊರೆಯೂ ಬರಬಹುದು.

ದಿನಕ್ಕೊಂದು ಫೋಟೊ ತೆಗೆಯಿರಿ, ಒಂದೇ ಜಾಗ, ಒಂದೇ ಬೆಳಕು. "ಮೊದಲು ಚಿಕ್ಕದಿತ್ತು" ಎನ್ನುವ ಮಾತಿಗಿಂತ ಡಾಕ್ಟರಿಗೆ ಅದು ಹೆಚ್ಚು ಉಪಯೋಗ.

ಹೆಜ್ಜೆ 6: ಪರೀಕ್ಷೆ ಕೇಳಲು ಸಂಕೋಚ ಬೇಡ

ಮೊದಲು ಕಣ್ಣಿನ ಡಾಕ್ಟರ್. ಬೇಕಾದರೆ ಅವರೇ ಚರ್ಮದ ಡಾಕ್ಟರ್, ಫಿಜಿಶಿಯನ್ ಹತ್ತಿರ ಕಳಿಸುತ್ತಾರೆ. ಗಡಿಬಿಡಿಯ ಓಪಿಡಿಯಲ್ಲಿ ಎಲ್ಲರ ಗಮನವೂ ಗುಳ್ಳೆಯ ಮೇಲೇ ಇರುತ್ತದೆ. ತೆಗೆದು ಕಳಿಸಿದರೆ ಕೆಲಸ ಮುಗಿದಂತೆ ಅನಿಸುತ್ತದೆ. ಆಗ ನೀವೇ ಕೇಳಿ: "ಡಾಕ್ಟ್ರೇ, ಈ ವಯಸ್ಸಿಗೆ ಇಷ್ಟೊಂದು ಯಾಕೆ ಬಂದಿದೆ? ಇಮ್ಯೂನಿಟಿಗೆ ಸಂಬಂಧಪಟ್ಟ ಪರೀಕ್ಷೆ ಏನಾದರೂ ಬೇಕಾ?" ಹೀಗೆ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ತಪ್ಪು ತಿಳಿಯುವುದಿಲ್ಲ.

ಶುರುವಿನ ಪರೀಕ್ಷೆಗಳು ಸರಳ. ರಕ್ತಕಣಗಳ ಪೂರ್ತಿ ಎಣಿಕೆಯಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ 1500ಕ್ಕಿಂತ ಕಡಿಮೆ ಇದ್ದರೆ ಕೊರತೆ, 500ಕ್ಕಿಂತ ಕಡಿಮೆ ಇದ್ದರೆ ಅಪಾಯ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಹೆಚ್ಚು, ಕಳೆದ ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆ. ಲಕ್ಷಣಗಳಿಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಅಂಕಿ ದಾರಿ ತಪ್ಪಿಸಬಹುದು, ಅದನ್ನೂ ಹೇಳಿ. ಗುಳ್ಳೆಯ ಬಗ್ಗೆಯೇ ಅನುಮಾನವಿದ್ದರೆ ಬಯಾಪ್ಸಿ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್. ಇವೆಲ್ಲ ಸರಿ ಬಂದೂ ಸೋಂಕು ಮರಳುತ್ತಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ರಕ್ತದಲ್ಲಿರುವ ಆಂಟಿಬಾಡಿಗಳು) ಪ್ರಮಾಣ, ಲಿಂಫೊಸೈಟ್ ಎಂಬ ಬಿಳಿ ರಕ್ತಕಣದ ಬಗೆಗಳ ಎಣಿಕೆ ಮಾಡಿಸುತ್ತಾರೆ.

ಜನ ಹಿಂಜರಿಯುವುದು ಎಚ್‌ಐವಿ ಪರೀಕ್ಷೆಗೆ. "ನನಗ್ಯಾಕೆ ಅದು" ಎನ್ನುವವರಿಗೆ ನನ್ನ ವಿನಂತಿ ಇಷ್ಟೇ: ದಯವಿಟ್ಟು ಮಾಡಿಸಿಬಿಡಿ. ಅದು ನಡತೆಯ ಪರೀಕ್ಷೆ ಅಲ್ಲ, ರಕ್ತದ ಪರೀಕ್ಷೆ. ಲ್ಯಾಬಿನಲ್ಲಿ ಮಾಡುವ ಈಗಿನ ಆಂಟಿಜೆನ್-ಆಂಟಿಬಾಡಿ ಪರೀಕ್ಷೆ ಸೋಂಕು ತಗುಲಿದ 18ರಿಂದ 45 ದಿನದೊಳಗೆ ಸಾಮಾನ್ಯವಾಗಿ ಪತ್ತೆಹಚ್ಚುತ್ತದೆ. ರೆಪ್ಪೆ ತುಂಬ ಮೊಲಸ್ಕಮ್ ಏಳುವಷ್ಟು ಸಿಡಿ4 ಇಳಿಯಲು ಸಾಮಾನ್ಯವಾಗಿ ವರ್ಷಗಳು ಬೇಕು. ಹಾಗಾಗಿ ಆ ಹೊತ್ತಿಗೆ ಪರೀಕ್ಷೆಯ ಉತ್ತರ ಸ್ಪಷ್ಟವಾಗಿರುತ್ತದೆ.

ಹೆಜ್ಜೆ 7: ಕಾರಣ ಸಿಕ್ಕ ಮೇಲೆ

ಗುಳ್ಳೆಗಳನ್ನು ಕೆರೆದು ತೆಗೆಯಬಹುದು, ತಣ್ಣನೆಯ ದ್ರವ ಸಾರಜನಕದಿಂದ ಸುಡಬಹುದು. ಮೂಲ ಹಾಗೇ ಇದ್ದರೆ ಮತ್ತೆ ಏಳುತ್ತವೆ. ಎಚ್‌ಐವಿ ಇದ್ದವರು ಎಆರ್‌ಟಿ (ವೈರಸ್ ಹತ್ತಿಕ್ಕುವ) ಮಾತ್ರೆ ಶುರುಮಾಡಿ ಸಿಡಿ4 ಏರಿದಂತೆ ರೆಪ್ಪೆಯ ಮೊಲಸ್ಕಮ್ ಹೆಚ್ಚಿನವರಲ್ಲಿ ಕರಗುತ್ತದೆ. ಶುರುವಿನ ವಾರಗಳಲ್ಲಿ ಗುಳ್ಳೆ ಕೆಂಪೇರಿ ಜಾಸ್ತಿಯಾದಂತೆ ಕಾಣಬಹುದು. ಎಚ್ಚೆತ್ತ ರೋಗನಿರೋಧಕ ಶಕ್ತಿ ವೈರಸ್ ಮೇಲೆ ಬೀಳುತ್ತಿರುವುದರಿಂದ ಹಾಗಾಗುತ್ತದೆ. ಮಾತ್ರೆ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ. ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಅದು ಹರಡುವುದಿಲ್ಲ.

ಶುಗರ್ ಕಾರಣವಾಗಿದ್ದರೆ ಅದನ್ನು ಹತೋಟಿಗೆ ತರುವುದೇ ಕುರು ಮರಳದಂತೆ ತಡೆಯುವ ದಾರಿ. ಔಷಧಿ ಕಾರಣವಾಗಿದ್ದರೆ ಪ್ರಮಾಣ ತಗ್ಗಿಸಬಹುದೇ, ಬದಲಿಸಬಹುದೇ ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಲಸಿಕೆ ಇದೆ. 50 ದಾಟಿದವರಿಗೂ, ರೋಗನಿರೋಧಕ ಶಕ್ತಿ ತಗ್ಗಿದ 18 ದಾಟಿದವರಿಗೂ ಎರಡು ಡೋಸ್ ಕೊಡುತ್ತಾರೆ. ಸಾಧ್ಯವಾದರೆ ಇಮ್ಯೂನಿಟಿ ತಗ್ಗಿಸುವ ಚಿಕಿತ್ಸೆ ಶುರುವಾಗುವ ಮುಂಚೆಯೇ ಹಾಕಿಸಿಕೊಳ್ಳಿ. ಜೀವಂತ ವೈರಸ್ ಇರುವ ಬೇರೆ ಲಸಿಕೆಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ಹಾಕಿಸಬೇಡಿ.